ಬಾಣಂತನಕ್ಕೆ ಹೋದವಳು ದುಭಾಷಿಯಾದದ್ದು

ಅರ್ಲಾಂಡಾ ವಿಮಾನ ನಿಲ್ದಾಣ

ನಾನು ಸ್ವೀಡನ್ನಿಗೆ ಹೋದದ್ದು ದೇಶ ನೋಡುವುದಕ್ಕಲ್ಲ, ನಾದಿನಿ ಶೈಲಾಳ ಬಾಣಂತನಕ್ಕೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಅರಮನೆ, ಮ್ಯೂಸಿಯಂ, ಹಡಗಿನ ವಿಹಾರ ಇವುಗಳ ವರ್ಣನೆ ಬೇಕಾದವರಿಗೆ ನನ್ನಿಂದ ಏನೂ ದಕ್ಕುವುದಿಲ್ಲ. ಸ್ಟಾಕ್‌ಹೋಮನ್ನು ನಾನು ಕಂಡದ್ದು ಕಾರಿನ, ರೈಲಿನ ಕಿಟಕಿಯಿಂದ, ಅದೂ ಅರೆನಿದ್ದೆಯಲ್ಲಿ.

2008ರ ಚಳಿಗಾಲ ಮುಗಿಯುತ್ತಾ ಬಂದಿತ್ತು. ಅತ್ತೆಯವರಿಗೆ ಮಂಡಿನೋವು, ಅಷ್ಟು ದೂರದ ಪ್ರಯಾಣ ಅವರಿಂದಾಗದು. ನಾನೋ, ಕುಂದಾಪುರದ ಹೈಸ್ಕೂಲೊಂದರಲ್ಲಿ ವರ್ಷಗಟ್ಟಲೆ ಸಮಾಜ ಪಾಠ ಹೇಳಿ ಆಗಷ್ಟೇ ಸ್ವಯಂ ನಿವೃತ್ತಿ ತೆಗೆದುಕೊಂಡಿದ್ದೆ. "ಇನ್ನು ಆರಾಮಾಗಿ ಮನೆಯಲ್ಲಿ ಕೂರುತ್ತೇನೆ" ಎಂದು ಊಟದ ಹೊತ್ತಿನಲ್ಲಿ ಅಂದದ್ದೇ ತಪ್ಪಾಯಿತು. ಮನೆಯವರೆಲ್ಲ ಒಟ್ಟಿಗೆ ತಲೆಯೆತ್ತಿ ನನ್ನನ್ನು ನೋಡಿದರು. ತಿಂಗಳು ಕಳೆಯುವುದರೊಳಗೆ ನಾನು ವಿಮಾನದಲ್ಲಿದ್ದೆ.

ಅತ್ತೆ ಕಟ್ಟಿಕೊಟ್ಟ ಪೆಟ್ಟಿಗೆಯಲ್ಲಿ ನನ್ನ ಸೀರೆಗಳಿಗಿಂತ ಹೆಚ್ಚು ಜಾಗ ಹಿಡಿದದ್ದು ಶುಂಠಿ ಪುಡಿ, ಓಮ, ಬಜೆ, ಸಾಂಬ್ರಾಣಿ ಮತ್ತು ತೆಂಗಿನೆಣ್ಣೆ. ಅರ್ಲಾಂಡಾದಲ್ಲಿ ಒಬ್ಬ ಎತ್ತರದ ಅಧಿಕಾರಿ ಪೆಟ್ಟಿಗೆ ಬಿಚ್ಚಿಸಿದ. ಬಜೆಯ ತುಂಡನ್ನು ಮೂಗಿನ ಹತ್ತಿರ ಹಿಡಿದು ಹುಬ್ಬು ಗಂಟಿಕ್ಕಿದ. ಹೊಸ ಮಗುವಿಗೆ, ಬಾಣಂತಿಗೆ ಎಂದು ನಾನು ಇಂಗ್ಲಿಷಿನಲ್ಲಿ ವಿವರಿಸಿದೆ. ಅವನ ಮುಖ ಅರಳಿತು. ತನಗೂ ಮೂರು ತಿಂಗಳ ಮಗಳಿದ್ದಾಳೆ, ಮುಂದಿನ ವಾರದಿಂದ ಆರು ತಿಂಗಳು ರಜೆ ಹಾಕಿ ತಾನೇ ಅವಳನ್ನು ನೋಡಿಕೊಳ್ಳುತ್ತೇನೆ ಎಂದ. ಕುಂದಾಪುರದಲ್ಲಿ ಯಾವ ಗಂಡಸಾದರೂ ಇಂಥ ಮಾತು ಆಡಿದ್ದರೆ ಅವನಿಗೆ ನೌಕರಿ ಹೋಗಿದೆ ಎಂದೇ ನಾವು ತಿಳಿಯುತ್ತಿದ್ದೆವು.

ಎಸ್ಕಿಲ್‌ಸ್ಟುನಾ, ಮೊದಲ ವಾರ

ನಾದಿನಿ ಇರುವ ಊರು ಎಸ್ಕಿಲ್‌ಸ್ಟುನಾ ಎಂದಿಟ್ಟುಕೊಳ್ಳಿ. ನಿಜವಾಗಿ ಅದೇ ಊರೋ ಅಲ್ಲವೋ ಎಂದು ದಯವಿಟ್ಟು ಕೇಳಬೇಡಿ. ಯಾಕೆಂದು ಮುಂದೆ ನಿಮಗೇ ತಿಳಿಯುತ್ತದೆ. ಶೈಲಾಳ ಗಂಡ ಪ್ರಕಾಶ ಮಣ್ಣೆತ್ತುವ ಯಂತ್ರಗಳ ಕಾರ್ಖಾನೆಯಲ್ಲಿ ಎಂಜಿನಿಯರ್. ಮೂರನೇ ಮಹಡಿಯ ಫ್ಲಾಟು, ಕೆಳಗೆ ಹಿಮ ಕರಗಿ ಕೆಸರಾದ ಅಂಗಳ, ಸ್ವಲ್ಪ ದೂರದಲ್ಲಿ ಊರ ನಡುವೆ ಹರಿಯುವ ನದಿ.

ಮೊದಲ ದಿನವೇ ಪ್ರಕಾಶನ ಜೊತೆ ಜಗಳವಾಯಿತು. ಹತ್ತು ದಿನದ ಹಸುಗೂಸನ್ನು ತಳ್ಳುಗಾಡಿಯಲ್ಲಿ ಮಲಗಿಸಿ, ಕಂಬಳಿ ಹೊದಿಸಿ, ಆ ಚಳಿಯಲ್ಲಿ ಬಾಲ್ಕನಿಗೆ ತಳ್ಳಿ ಗಾಜಿನ ಬಾಗಿಲು ಮುಚ್ಚಿದ.

"ನಿಂಗೆ ತಲೆಗಿಲೆ ಕೆಟ್ಟಿದ್ಯಾ?" ಎಂದೆ.

"ಅಕ್ಕ, ಇಲ್ಲಿ ಎಲ್ಲರೂ ಹೀಗೇ ಮಾಡೋದು. ಫ್ರೆಶ್ ಏರ್‌ನಲ್ಲಿ ಮಕ್ಕಳು ಚೆನ್ನಾಗಿ ನಿದ್ದೆ ಮಾಡ್ತಾವೆ. ಡಾಗಿಸ್‌ನಲ್ಲೂ ಹೊರಗಡೆನೇ ಮಲಗಿಸ್ತಾರೆ."

ಡಾಗಿಸ್ ಎಂದರೆ ಅಲ್ಲಿನ ಶಿಶುವಿಹಾರ. ಬಾಣಂತಿಯ ಕಿವಿಗೆ ಗಾಳಿ ಹೋಗಬಾರದೆಂದು ಬಟ್ಟೆ ಕಟ್ಟುವ ಕುಲದಿಂದ ಬಂದವಳು ನಾನು. ಮಗು ಏಳುವವರೆಗೂ ಗಾಜಿಗೆ ಮೂಗು ತಾಗಿಸಿ ಕಾವಲು ನಿಂತೆ. ಅದು ಎದ್ದಾಗ ಕೆನ್ನೆ ಕೆಂಪಗೆ, ನಗುಮುಖ. ನನಗೆ ಸೋಲಾಯಿತು.

ಅದಕ್ಕಿಂತ ಕಷ್ಟವಾದದ್ದು ಆ ಊರಿನ ಮೌನ. ಬಸ್ಸಿನಲ್ಲಿ ಮಾತಿಲ್ಲ, ಲಿಫ್ಟಿನಲ್ಲಿ ಮಾತಿಲ್ಲ. ನಮ್ಮಲ್ಲಿ ಬಸ್ಸಿನಲ್ಲಿ ಪಕ್ಕ ಕೂತವರ ಮಗಳ ಮದುವೆ ಎಲ್ಲಿಗೆ ಬಂತೆಂದು ವಿಚಾರಿಸದಿದ್ದರೆ ಜಂಬದವಳು ಅನ್ನಿಸಿಕೊಳ್ಳಬೇಕು. ಇಲ್ಲಿ ವಿಚಾರಿಸಿದರೆ ಅವರು ಎದ್ದು ಬೇರೆ ಸೀಟಿಗೆ ಹೋಗುತ್ತಾರೆ. ನನಗೆ ಮಾತಿಲ್ಲದೆ ಗಂಟಲು ಕಟ್ಟಿದಂತಾಗುತ್ತಿತ್ತು. ಊರಲ್ಲಿ ಸಾವಾದ ಮನೆಗೆ, ಮದುವೆ ಮುರಿದ ಮನೆಗೆ, ಪರೀಕ್ಷೆಯಲ್ಲಿ ಫೇಲಾದ ಮಕ್ಕಳ ಮನೆಗೆ ಜನ ನನ್ನನ್ನು ಕರೆದುಕೊಂಡು ಹೋಗುತ್ತಾರೆ. "ವಿಜಯಾ ಟೀಚರ್ ನಾಲ್ಕು ಮಾತಾಡಿದರೆ ಅಳುವವರು ಸಮಾಧಾನ ಆಗುತ್ತಾರೆ" ಎಂಬ ಹೆಸರು ನನಗಿದೆ. ಆ ಹೆಸರಿನ ಬಗ್ಗೆ ನನಗೆ ಹೆಮ್ಮೆಯೂ ಇತ್ತು.

ಮೂರನೆಯ ದಿನ ಮಗುವಿಗೆ ಎಣ್ಣೆಸ್ನಾನ ಮಾಡಿಸಿ, ಸಣ್ಣ ಬಾಣಲೆಯಲ್ಲಿ ಕೆಂಡ ಮಾಡಿ, ಸಾಂಬ್ರಾಣಿ ಹಾಕಿದೆ. ಹೊಗೆ ಏಳುತ್ತಿದ್ದಂತೆ ಸೂರಿನಿಂದ ಕಿವಿ ಕಿತ್ತುಹೋಗುವಂಥ ಕೂಗು ಶುರುವಾಯಿತು. ಶೈಲಾ ಹಾಸಿಗೆಯಿಂದಲೇ "ಅತ್ತಿಗೆ, ಫೈರ್ ಅಲಾರ್ಮ್! ಕಿಟಕಿ ತೆಗೀರಿ, ಕಿಟಕಿ!" ಎಂದು ಕಿರುಚಿದಳು. ನಾನು ಕಕ್ಕಾಬಿಕ್ಕಿಯಾಗಿ ಬಾಣಲೆ ಹಿಡಿದು ಸುತ್ತುತ್ತಿರುವಾಗಲೇ ಬಾಗಿಲ ಗಂಟೆ ಬಡಿಯಿತು. ಮಗುವನ್ನು ತೂಗಿ ನೋಡಲು ಆರೋಗ್ಯ ಕೇಂದ್ರದಿಂದ ಬಂದ ನರ್ಸ್ ಅದು, ಇಂಗೆರ್ ಎಂದು ಹೆಸರು, ನನ್ನದೇ ವಯಸ್ಸು. ಆಕೆ ಶೂ ಕಳಚಿಟ್ಟು ಒಳಗೆ ಬಂದು, ನನ್ನ ಕೈಯಿಂದ ಬಾಣಲೆ ತೆಗೆದುಕೊಂಡು ಬಾಲ್ಕನಿಯಲ್ಲಿಟ್ಟು, ಕುರ್ಚಿ ಹತ್ತಿ ಅಲಾರ್ಮಿನ ಬಾಯಿ ಮುಚ್ಚಿಸಿದರು. ಒಂದು ಮಾತು ಬೈಯಲಿಲ್ಲ. ಆಮೇಲೆ ಕಾಫಿ ಕುಡಿಯುತ್ತಾ ಆ ಹೊಗೆ ಯಾಕೆಂದು ನಿಧಾನವಾಗಿ ಕೇಳಿ ತಿಳಿದುಕೊಂಡರು.

ಶೈಲಾಗೆ ನನ್ನನ್ನು ಕಾಪಾಡುವ ಉತ್ಸಾಹ. "ನಮ್ಮ ಅತ್ತಿಗೆ ಐದು ಭಾಷೆ ಮಾತಾಡ್ತಾರೆ, ತಮಿಳು ತೆಲುಗು ಎಲ್ಲ" ಎಂದು ಹೊಗಳಿದಳು. ಅದರಲ್ಲಿ ನನ್ನ ಹೆಚ್ಚುಗಾರಿಕೆ ಏನಿಲ್ಲ. ನಾನು ಹುಟ್ಟಿ ಬೆಳೆದದ್ದು ಕೋಲಾರದ ಚಿನ್ನದ ಗಣಿಯ ಊರಿನಲ್ಲಿ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಅಂಗಡಿಯಲ್ಲಿ ತೆಲುಗು. ತಮಿಳು ಎಂದದ್ದೇ ಇಂಗೆರ್ ಕಾಫಿ ಬಟ್ಟಲನ್ನು ಕೆಳಗಿಟ್ಟು ನನ್ನನ್ನು ಒಂದು ಗಳಿಗೆ ನೋಡಿದರು.

ಆರೋಗ್ಯ ಕೇಂದ್ರ

ವಾರ ಕಳೆದ ಮೇಲೆ ಇಂಗೆರ್ ಮತ್ತೆ ಬಂದು, ಶೈಲಾ ಮಲಗಿದ್ದಾಗ ಅಡುಗೆಮನೆಯಲ್ಲಿ ಕೂತು ವಿಷಯ ಹೇಳಿದರು.

ಶ್ರೀಲಂಕಾದ ಉತ್ತರದಿಂದ, ಯುದ್ಧದ ನಡುವಿನಿಂದ ಒಬ್ಬ ಹುಡುಗಿ ಬಂದಿದ್ದಾಳೆ. ಈ ಊರಿನಲ್ಲಿ ದೂರದ ನೆಂಟರ ಮನೆಯಲ್ಲಿದ್ದಾಳೆ. ಆಶ್ರಯ ಕೇಳಿ ಹಾಕಿದ ಅರ್ಜಿ ಒಮ್ಮೆ ತಿರಸ್ಕೃತವಾಗಿದೆ. ಇನ್ನೊಂದು ವಿಚಾರಣೆ ಉಳಿದಿದೆ, ಅದೇ ಕೊನೆಯದು. ಹೊಟ್ಟೆನೋವು, ನಿದ್ದೆಯಿಲ್ಲ ಎಂದು ಆರೋಗ್ಯ ಕೇಂದ್ರಕ್ಕೆ ಬರುತ್ತಾಳೆ, ಮುಟ್ಟಿ ಪರೀಕ್ಷೆ ಮಾಡಲು ಬಿಡುವುದಿಲ್ಲ. ಏನು ನಡೆದಿರಬಹುದೆಂದು ಅಲ್ಲಿನ ಡಾಕ್ಟರಿಗೆ ಅಂದಾಜಿದೆ. ಆದರೆ ಅವಳಾಗಿ ಹೇಳದೆ ಡಾಕ್ಟರು ಏನನ್ನೂ ಬರೆದುಕೊಡುವ ಹಾಗಿಲ್ಲ, ಡಾಕ್ಟರು ಬರೆದುಕೊಡದೆ ವಕೀಲರ ಕೈಯಲ್ಲಿ ಏನೂ ಇಲ್ಲ. ತಮಿಳು ದುಭಾಷಿಗಳು ಇದ್ದಾರೆ. ಗುಟ್ಟು ಬಿಡುವುದಿಲ್ಲವೆಂದು ಅವರು ಪ್ರಮಾಣ ಮಾಡಿರುತ್ತಾರೆ. ಆದರೂ ಅವರೂ ಅದೇ ಜನ. ಅದೇ ಮದುವೆಗೆ, ಅದೇ ಪೂಜೆಗೆ ಬರುವವರು. ಅವರೆದುರು ಅವಳು ಬಾಯಿ ಬಿಡುವುದಿಲ್ಲ.

"ಭಾರತದಿಂದ ಬಂದ ಒಬ್ಬ ಹೆಂಗಸು ಇದ್ದಾಳೆ, ಸ್ವಲ್ಪ ದಿನದಲ್ಲಿ ವಾಪಸು ಹೋಗುತ್ತಾಳೆ ಎಂದೆ. ತುಂಬ ಯೋಚಿಸಿ, ಆಗಬಹುದು ಅಂದಳು" ಎಂದರು ಇಂಗೆರ್. ಸರಕಾರಿ ವಿಚಾರಣೆಗೆ ನಾನು ಆಗುವುದಿಲ್ಲ, ಡಾಕ್ಟರ ಕೋಣೆಯ ಮಟ್ಟಿಗೆ ಸಾಕು. ಯಾರಿಗೂ, ಮನೆಯವರಿಗೂ ಹೇಳಬಾರದು.

ನಾನು ತಕ್ಷಣ ಒಪ್ಪಿದೆ. ದುಃಖದಲ್ಲಿರುವವರ ಹತ್ತಿರ ಮಾತಾಡುವುದು ನನ್ನ ಕೆಲಸವೇ ಅಲ್ಲವೇ ಎಂದುಕೊಂಡೆ. ಶೈಲಾಗೆ, ಆಸ್ಪತ್ರೆಯಲ್ಲಿ ಯಾರಿಗೋ ತಮಿಳು ಬೇಕಂತೆ ಎಂದಷ್ಟೇ ಹೇಳಿದೆ.

ಅವಳನ್ನು ಇಲ್ಲಿ ಮಲರ್ ಎಂದು ಕರೆಯುತ್ತೇನೆ. ಅವಳ ಹೆಸರು ಅದಲ್ಲ. ಇಪ್ಪತ್ತೈದರ ಆಸುಪಾಸು, ಗಂಟಲವರೆಗೆ ಜಿಪ್ ಎಳೆದ ದೊಡ್ಡ ಜಾಕೆಟು, ಕೋಣೆ ಬೆಚ್ಚಗಿದ್ದರೂ ಅದನ್ನು ತೆಗೆಯಲಿಲ್ಲ. ಬಾಗಿಲು ಕಾಣುವ ಕುರ್ಚಿಯಲ್ಲೇ ಕೂತಳು. ನನ್ನ ಮೊದಲ ವಾಕ್ಯ ಕೇಳಿದಾಗ ಅವಳ ತುಟಿಯ ಮೇಲೆ ಸಣ್ಣ ನಗು ಬಂತು. ಅವಳದು ಒಂದೊಂದು ಅಕ್ಷರವೂ ತೊಳೆದಿಟ್ಟ ತಮಿಳು. ನನ್ನದು ಗಣಿಯ ಲೈನುಮನೆಗಳ ನಡುವೆ ಗೋಲಿ ಆಡುತ್ತಾ ಕಲಿತದ್ದು.

ಡಾಕ್ಟರ ಹೆಸರು ಕರಿನ್. ಅಲ್ಲಿ ಡಾಕ್ಟರನ್ನೂ ಹೆಸರು ಹಿಡಿದೇ ಕರೆಯುತ್ತಾರೆ. ನನಗೆ ಕೊನೆಯವರೆಗೂ ಬಾಯಿ ಬರಲಿಲ್ಲ, ಮೇಡಂ ಎಂದೇ ಅಂದೆ. ಅವರು ಇಂಗ್ಲಿಷಿನಲ್ಲಿ ಕೇಳಿದರು, ನಾನು ತಮಿಳಿಗೆ ತಿರುಗಿಸಿದೆ. ಊರು ಬಿಟ್ಟ ದಿನದಿಂದ ಕೊಲಂಬೊ ತಲುಪುವವರೆಗೆ ಎಲ್ಲಿದ್ದೆ?

"ದಾರಿಯಲ್ಲಿ."

"ದಾರಿಯಲ್ಲಿ ಎಲ್ಲಿ?"

"ಒಂದು ಶಾಲೆಯಲ್ಲಿ. ಶಾಲೆಯನ್ನು ಅವರು ಕ್ಯಾಂಪ್ ಮಾಡಿಕೊಂಡಿದ್ದರು."

"ಅವರು ಅಂದರೆ?"

"ಬಂದೂಕು ಇದ್ದವರು."

ಶಾಲೆ ಎಂದ ಕೂಡಲೇ ನನ್ನ ಕಣ್ಣ ಮುಂದೆ ಬೆಂಚುಗಳು, ಕರಿಹಲಗೆ, ಗೋಡೆಗೆ ನೇತುಹಾಕಿದ ಭೂಪಟ ಬಂದವು. "ಪಾಪ, ಅವಳು ಹೇಳುತ್ತಿದ್ದಾಳೆ, ಅವಳನ್ನು ಶಾಲೆಯಲ್ಲಿ ಇಟ್ಟಿದ್ದರಂತೆ" ಎಂದು ಡಾಕ್ಟರಿಗೆ ಹೇಳಿದೆ. ಅವರು ತಲೆಯಾಡಿಸಿದರು, ಮುಂದಿನ ಪ್ರಶ್ನೆ ಕೇಳಲಿಲ್ಲ. ಮಲರ್ ನೆಲ ನೋಡುತ್ತಿದ್ದಳು. ಹೊರಗೆ ಯಾವುದೋ ಕಾರು ಸ್ಟಾರ್ಟ್ ಆಗಿ ಹೋಯಿತು. ಮಲರಳ ಬಾಯಿ ತೆರೆಯಿತು, ಕಣ್ಣಿಂದ ನೀರು ಇಳಿಯಿತು.

ನನಗೆ ತಡೆಯಲಾಗಲಿಲ್ಲ. ಎದ್ದು ಹೋಗಿ ಅವಳ ಕೈ ಹಿಡಿದು, ತಲೆ ಸವರಿ, ಊರಲ್ಲಿ ಸಾವಿರ ಸಲ ಹೇಳಿದ್ದನ್ನೇ ಹೇಳಿದೆ. "ಅಳಬೇಡಮ್ಮಾ. ಬಿಡು, ಆದದ್ದು ಆಗಿಹೋಯಿತು. ನೆನಪು ಮಾಡಿಕೊಳ್ಳಬೇಡ. ಹೇಳುವುದೇ ಬೇಡ, ಮರೆತುಬಿಡು."

ಅವಳು ಕೈ ಎಳೆದುಕೊಂಡಳು. ಜಾಕೆಟಿನ ತೋಳಿನಿಂದ ಮುಖ ಒರೆಸಿಕೊಂಡು, ಬಹಳ ಮರ್ಯಾದೆಯಿಂದ, "ಸರಿ ಅಕ್ಕಾ. ಏನೂ ಇಲ್ಲ. ಹೊಟ್ಟೆನೋವಿಗೆ ಮಾತ್ರೆ ಕೊಟ್ಟರೆ ಸಾಕು" ಎಂದಳು.

ಡಾಕ್ಟರು ಅವಳೇನೆಂದಳು ಎಂದು ಕೇಳಿದರು. ಹೇಳಿದೆ. ಅದಕ್ಕೆ ಮೊದಲು ನೀವೇನೆಂದಿರಿ ಎಂದು ಕೇಳಿದರು. ಅದನ್ನೂ ಹೇಳಿದೆ. ಇಂಗ್ಲಿಷಿನಲ್ಲಿ ಹೇಳುವಾಗಲೇ ನಾನು ಏನು ಮಾಡಿಬಿಟ್ಟೆ ಎಂಬುದು ನನಗೆ ಹೊಳೆದದ್ದು. ಎರಡು ವರ್ಷ ಬಿಗಿದಿಟ್ಟಿದ್ದ ಬಾಯನ್ನು ಆ ಹುಡುಗಿ ತೆರೆದಿದ್ದಳು, ನಾನು ಹೋಗಿ ಕೈಯಡ್ಡ ಇಟ್ಟಿದ್ದೆ.

ಕಾಫಿ ಕೋಣೆ

ಅಲ್ಲಿ ಎಲ್ಲ ಕೆಲಸದ ನಡುವೆಯೂ ಫೀಕಾ ಎಂಬುದೊಂದಿದೆ. ಕಾಫಿ, ದಾಲ್ಚಿನ್ನಿ ಹಾಕಿದ ಬನ್ನು, ಹದಿನೈದು ನಿಮಿಷ ಮಾತುಕತೆ. ಆಕಾಶ ಬಿದ್ದರೂ ತಪ್ಪಿಸುವುದಿಲ್ಲ. ಮಲರ್ ಹೋದ ಮೇಲೆ ಡಾಕ್ಟರು ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದರು. ಬೈಗುಳ ಕಾದಿದೆ ಎಂದುಕೊಂಡಿದ್ದೆ. ಅವರು ನನ್ನ ಮುಂದೆ ಬನ್ನು ಇಟ್ಟು, "ನಿಮ್ಮ ಊರಲ್ಲಿ ಅಳುವವರನ್ನು ಹಾಗೆಯೇ ಸಮಾಧಾನ ಮಾಡುತ್ತಾರಾ?" ಎಂದು ಕೇಳಿದರು.

"ಹೌದು. ಅಳಲು ಬಿಟ್ಟು ಸುಮ್ಮನೆ ಕೂತರೆ ಕಲ್ಲುಮನಸ್ಸಿನವಳು ಅನ್ನುತ್ತಾರೆ."

"ಅದು ಪ್ರೀತಿಯಿಂದ ಮಾಡುವುದೇ" ಎಂದರು. "ಆದರೆ ಅವಳಿಗೆ ಕೇಳಿಸಿದ್ದು, ಇದನ್ನು ಕೇಳಲು ನನ್ನಿಂದಾಗುವುದಿಲ್ಲ ಅಂತ."

ಆಫ್ರಿಕದ ಎರಡು ಯುದ್ಧಗಳಲ್ಲಿ ನಿರಾಶ್ರಿತರ ಶಿಬಿರದಲ್ಲಿ ದುಡಿದವರು ಅವರು. ಯುದ್ಧದಲ್ಲಿ ಅತ್ಯಾಚಾರ ಎಂದರೆ ಕುಡಿದ ಸಿಪಾಯಿಯೊಬ್ಬನ ಚಟವಲ್ಲ, ಎಷ್ಟೋ ಸಲ ಅದು ಮೇಲಿನಿಂದ ಬಂದ ಲೆಕ್ಕಾಚಾರ ಎಂದರು. ಒಂದು ಊರಿನ ಹತ್ತು ಹೆಂಗಸರಿಗೆ ಹೀಗೆ ಮಾಡಿದರೆ ಇಡೀ ಊರು ಮನೆ ಬಿಟ್ಟು ಓಡುತ್ತದೆ, ಗಂಡಸರು ಮುಖ ಎತ್ತುವುದಿಲ್ಲ, ಹೆಂಗಸರು ಬಾಯಿ ಬಿಡುವುದಿಲ್ಲ. ಬಾಯಿ ಬಿಡುವುದಿಲ್ಲ ಎಂಬ ಧೈರ್ಯವೇ ಮಾಡಿದವರಿಗೆ ಶ್ರೀರಕ್ಷೆ. ತಡೆಯಲು ಏನು ಮಾಡಬಹುದು ಎಂದು ನಾನು ದೊಡ್ಡದಾಗಿ ಕೇಳಿದೆ. ಅವರು ಚಿಕ್ಕದಾಗಿ ಹೇಳಿದರು. ಒಂದು ಶಿಬಿರದಲ್ಲಿ ಹೆಂಗಸರ ಪಾಯಿಖಾನೆ ದೂರದಲ್ಲಿತ್ತು, ದೀಪವಿರಲಿಲ್ಲ. ಅಲ್ಲಿಗೆ ಹೋದವರ ಮೇಲೆ ಶಿಬಿರದ ಒಳಗೇ ದಾಳಿಯಾಗುತ್ತಿತ್ತು. ಇವರು ಹಟ ಹಿಡಿದು ಮೊದಲು ಹಾಕಿಸಿದ್ದು ಒಂದು ದೀಪ, ಬಾಗಿಲಿಗೆ ಒಳಗಿನಿಂದ ಚಿಲಕ. ಔಷಧಿಗಿಂತ ಮೊದಲು ಚಿಲಕ ಕೇಳಿದ ಡಾಕ್ಟರೆಂದು ಮೇಲಿನವರು ನಕ್ಕಿದ್ದರಂತೆ.

ನಮ್ಮ ಶಾಲೆಯ ಹುಡುಗಿಯರ ಪಾಯಿಖಾನೆಗೂ ಬಹಳ ವರ್ಷ ಚಿಲಕವಿರಲಿಲ್ಲ. ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಹೊರಗೆ ಬಾಗಿಲು ಹಿಡಿದು ನಿಲ್ಲುತ್ತಿದ್ದಳು. ನಾವು ಟೀಚರುಗಳು ಅದನ್ನು ನೋಡುತ್ತಲೇ ಸ್ಟಾಫ್ ರೂಮಿಗೆ ಹೋಗಿ ಚಹಾ ಕುಡಿಯುತ್ತಿದ್ದೆವು.

ಕೊನೆಗೆ ಡಾಕ್ಟರು ಎರಡು ಮಾತು ಹೇಳಿದರು. ಅವಳು ಸುಮ್ಮನಾದಾಗ ನೀವೂ ಸುಮ್ಮನಿರಿ, ಎಷ್ಟು ಹೊತ್ತಾದರೂ. ಇನ್ನೊಂದು, "ಅವಳು ಹೇಳುತ್ತಾಳೆ, ಪಾಪ" ಎಂದೆಲ್ಲ ಬೇಡ. ದುಭಾಷಿಯ ಪದ್ಧತಿ ಬೇರೆ. ಅವಳು ನಾನು ಎಂದರೆ ನೀವೂ ನಾನು ಎಂದೇ ಹೇಳಬೇಕು. ಅವಳು ಮತ್ತೆ ಬಂದರೆ, ಎಂದು ಸೇರಿಸಿದರು.

ನದಿ ದಂಡೆ

ಅವಳು ಮತ್ತೆ ಬರುತ್ತಾಳೆಂಬ ನಂಬಿಕೆ ನನಗಿರಲಿಲ್ಲ. ದಿನಗಳು ಹೋದವು. ಶೈಲಾಗೆ ಮೆಂತ್ಯದ ಗಂಜಿ, ಮಗುವಿಗೆ ಸ್ನಾನ, ಸಾಂಬ್ರಾಣಿ ಈಗ ಬಾಲ್ಕನಿಯಲ್ಲಿ. ಮಧ್ಯಾಹ್ನ ನಾನೇ ಮಗುವನ್ನು ತಳ್ಳುಗಾಡಿಯಲ್ಲಿ ಮಲಗಿಸಿಕೊಂಡು ನದಿ ದಂಡೆಗೆ ಹೋಗುವಷ್ಟು ಸ್ವೀಡಿಷ್ ಆಗಿದ್ದೆ. ಬಿಸಿಲು ಬಂದರೆ ಸಾಕು, ಆ ಜನ ಗೋಡೆಗೆ ಒರಗಿ ಕಣ್ಣು ಮುಚ್ಚಿ ಮುಖ ಮೇಲೆತ್ತಿ ನಿಂತುಬಿಡುತ್ತಾರೆ. ಬಿಸಿಲಿಗೆ ಇಷ್ಟು ಮರ್ಯಾದೆಯೇ ಎಂದು ನಗು ಬರುತ್ತಿತ್ತು.

ಒಂದು ಮಧ್ಯಾಹ್ನ ಬೆಂಚಿನಲ್ಲಿ ಕೂತಿದ್ದಾಗ ಪಕ್ಕದಲ್ಲಿ ಯಾರೋ ಬಂದು ನಿಂತರು. ಮಲರ್. ಅವಳು ಆಚೀಚೆ ನೋಡಿ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಳು. ಮಗುವನ್ನು ದೂರದಿಂದಲೇ ನೋಡಿದಳು. ನನ್ನ ನಾಲಿಗೆ ತುದಿಗೆ ಹತ್ತು ಮಾತು ಬಂದವು. ಹತ್ತನ್ನೂ ನುಂಗಿಕೊಂಡೆ. ಅಷ್ಟು ಕಷ್ಟದ ಕೆಲಸ ನಾನು ಆ ದೇಶದಲ್ಲಿ ಬೇರೆ ಮಾಡಿಲ್ಲ.

"ನೀವು ಯಾವಾಗ ಹೊರಡುತ್ತೀರಿ?" ಎಂದಳು.

"ಮುಂದಿನ ವಾರ."

"ನಿಮ್ಮ ಊರಲ್ಲಿ ತಮಿಳರಿದ್ದಾರಾ?"

"ಇಲ್ಲ. ಅಲ್ಲಿಯವರ ಕನ್ನಡವೇ ನನಗೆ ಅರ್ಥವಾಗಲು ಎರಡು ವರ್ಷ ಬೇಕಾಯಿತು."

ಅವಳು ನಗಲಿಲ್ಲ. "ಮತ್ತೆ ಇಲ್ಲಿಗೆ ಬರುತ್ತೀರಾ? ನಿಮ್ಮ ನಾದಿನಿಗೆ ಇನ್ನೊಂದು ಮಗುವಾದರೆ?"

ಏನು ಕೇಳುತ್ತಿದ್ದಾಳೆಂದು ನನಗೆ ಅರ್ಥವಾಯಿತು. "ಬರುವುದಿಲ್ಲ" ಎಂದೆ.

"ಹೇಳಿದ ಮೇಲೆ ಆ ಮಾತು ಈ ಊರಲ್ಲಿ ಉಳಿಯಬಾರದು ಅಕ್ಕಾ. ನನ್ನನ್ನು ಇಟ್ಟುಕೊಂಡವರು ಒಳ್ಳೆಯವರು. ಆದರೆ ಗೊತ್ತಾದರೆ ಆ ಮನೆಯಲ್ಲಿ ನನಗೆ ಜಾಗವಿರುವುದಿಲ್ಲ. ಮಾತ್ರೆ ತಂದುಕೊಟ್ಟ ಕೈಯಿಂದಲೇ ಕದ ಹಾಕುತ್ತಾರೆ. ನೀವು ಹೋಗುವವರು. ಅದಕ್ಕೇ ನೀವು."

ಎದ್ದು ಹೋದಳು. ಎರಡು ದಿನ ಬಿಟ್ಟು ಇಂಗೆರ್ ಫೋನು ಬಂತು.

ಮತ್ತೆ ಅದೇ ಕೋಣೆ

ಅವಳು ಹೇಳಿದ್ದನ್ನು ನಾನು ಇಲ್ಲಿ ಬರೆಯುವುದಿಲ್ಲ. ಅತ್ಯಾಚಾರ ಎಂಬ ಒಂದು ಪದ ಬರೆಯುತ್ತೇನೆ, ಅದು ಒಂದು ಸಲವಲ್ಲ, ಒಬ್ಬನಿಂದಲ್ಲ ಎಂದು ಬರೆಯುತ್ತೇನೆ, ಅಷ್ಟೇ. ನನ್ನ ಬಾಯಿಗೆ ಏನಾಯಿತೆಂದು ಮಾತ್ರ ಹೇಳಬಲ್ಲೆ.

ಅವಳು ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಿಕೊಂಡು ಕೂತಳು. ನಮಗೆ ಕಾಣುತ್ತಿದ್ದದ್ದು ಅವಳ ಜಡೆ, ಜಾಕೆಟಿನ ಬೆನ್ನು. ಒಂದೊಂದೇ ವಾಕ್ಯ ಹೇಳಿ ನಿಲ್ಲಿಸುತ್ತಿದ್ದಳು. ನಾನು ಇಂಗ್ಲಿಷಿನಲ್ಲಿ, ನಾನು ಎಂದು ಶುರುಮಾಡಿ ಹೇಳುತ್ತಿದ್ದೆ. ನನ್ನನ್ನು ಕರೆದುಕೊಂಡು ಹೋದರು. ನಾನು ಕೂಗಿದೆ. ನನಗೆ ಆಗ ಇಪ್ಪತ್ತಮೂರು. ಐವತ್ತು ದಾಟಿದ ಹೆಂಗಸು, ಮಕ್ಕಳಿಗೆ ಪಾಠ ಹೇಳಿದ ಬಾಯಿ, ಬಾಯಲ್ಲಿ ಬರಬಾರದಂಥ ಮಾತುಗಳನ್ನು ನನ್ನದೇ ಎಂಬಂತೆ ಹೇಳಬೇಕು. ಅವಳು ಎಂದು ಹೇಳುವಾಗ ಒಂದು ಮಾರು ದೂರ ನಿಲ್ಲಬಹುದಿತ್ತು. ಈಗ ನಿಲ್ಲಲು ಜಾಗವೇ ಇರಲಿಲ್ಲ.

ಒಂದು ಕಡೆ ನನ್ನಿಂದಾಗಲಿಲ್ಲ. ಅವಳು ಹೇಳಿದ್ದನ್ನು ಬಿಟ್ಟು, "ನನ್ನನ್ನು ಹೊಡೆದರು" ಎಂದುಬಿಟ್ಟೆ. ನಮ್ಮ ಊರಲ್ಲಿ ಇಂಥದ್ದನ್ನು ಹೇಳುವ ರೀತಿಯೇ ಅದು. ಸುತ್ತಿ ಬಳಸಿ, ಕೇಳಿದವರ ಕಿವಿಗೆ ನೋವಾಗದ ಹಾಗೆ. ಕಿಟಕಿಯ ಕಡೆಯಿಂದ, ತಿರುಗದೆಯೇ ಮಲರ್ ಹೇಳಿದಳು.

"ಅಕ್ಕಾ, ನನಗೆ ಅಷ್ಟು ಇಂಗ್ಲಿಷ್ ಬರುತ್ತದೆ. ಹೊಡೆದದ್ದನ್ನು ಮೊದಲೇ ಹೇಳಿದ್ದೇನೆ. ಇದು ಅದಲ್ಲ. ನಾನು ಹೇಳಿದ್ದನ್ನೇ ಹೇಳಿ."

ನಾನು ಹೇಳಿದೆ. ಗಂಟಲಿನಿಂದ ಹೊರಟದ್ದು ನನ್ನ ಧ್ವನಿ ಎಂದು ನನಗೇ ಅನ್ನಿಸಲಿಲ್ಲ. ಡಾಕ್ಟರು ಬರೆದುಕೊಂಡರು.

ಮೌನಗಳೂ ಬಂದವು, ಒಂದಂತೂ ಬಹಳ ದೀರ್ಘವಾದದ್ದು. ನಾನು ನನ್ನೆರಡು ಕೈಗಳನ್ನೂ ತೊಡೆಯ ಕೆಳಗಿಟ್ಟುಕೊಂಡು ಕೂತಿದ್ದೆ. ಡಾಕ್ಟರು ಕಣ್ಣು ಒದ್ದೆ ಮಾಡಿಕೊಳ್ಳಲಿಲ್ಲ, ಅಯ್ಯೋ ಅನ್ನಲಿಲ್ಲ, ಗಡಿಯಾರ ನೋಡಲೂ ಇಲ್ಲ. ಇಡೀ ಮೈಯಿಂದ ಕೇಳುತ್ತಾ ಕೂತಿದ್ದರು. ಆ ದೇಶದವರ ಮೌನವನ್ನು ಅದುವರೆಗೆ ನಾನು ಬಿಗುಮಾನ ಎಂದುಕೊಂಡಿದ್ದೆ. ಆ ದಿನ ಆ ಹುಡುಗಿ ಅದರ ಮೇಲೆ ಕಾಲಿಟ್ಟು ದಾಟಿ ಬಂದಳು.

ಮುಗಿದಾಗ ಡಾಕ್ಟರು ಹೇಳಿದ್ದು ಎರಡೇ ವಾಕ್ಯ. "ನೀನು ಹೇಳಿದ್ದನ್ನು ನಾನು ನಂಬುತ್ತೇನೆ. ತಪ್ಪು ನಿನ್ನದಲ್ಲ." ಅದನ್ನು ತಮಿಳಿಗೆ ತಿರುಗಿಸುವಾಗ ನಾನು ಅತ್ತುಬಿಟ್ಟೆ. ಮಲರ್ ಅಳಲಿಲ್ಲ. ಇಂಗೆರ್ ತಂದಿಟ್ಟ ಬನ್ನನ್ನು ಪೂರ್ತಿ ತಿಂದಳು, ಇನ್ನೊಂದು ಕೇಳಿ ತಿಂದಳು. "ಹಸಿವಾಗುತ್ತಿದೆ ಅಕ್ಕಾ" ಎಂದಳು, ತನಗೇ ಆಶ್ಚರ್ಯವಾದವಳಂತೆ.

ಪರೀಕ್ಷೆ ಮಾಡಲು ಆ ದಿನ ಒಪ್ಪಿದಳು. ಒಳಗೆ ಹೋಗುವ ಮೊದಲು ನಾನು ಅವಳಿಗೆ, ಊರಲ್ಲಿ ನಾನು ಪತ್ರಿಕೆಗೆ ಅದೂ ಇದೂ ಬರೆಯುವವಳು, ನಿನ್ನ ವಿಷಯ ಬರೆಯಬೇಡ ಎಂದರೆ ಬರೆಯುವುದಿಲ್ಲ ಎಂದೆ. ಸ್ವಲ್ಪ ಯೋಚಿಸಿದಳು.

"ನಡೆದದ್ದು ಬೇಡ. ಹೇಳಿದೆ ಅನ್ನುವುದನ್ನು ಬರೆಯಿರಿ."

ಡಾಕ್ಟರ ಪತ್ರ ವಕೀಲರ ಕೈ ಸೇರಿತು. ಅವಳಿಗೆ ಆ ದೇಶದಲ್ಲಿ ಇರಲು ಅನುಮತಿ ಸಿಕ್ಕಿತೆಂದು ನನಗೆ ತಿಳಿದದ್ದು ಮುಂದಿನ ವರ್ಷ. ಹೇಗೆ ತಿಳಿಯಿತೆಂದು ಹೇಳುವುದಿಲ್ಲ, ತಿಳಿಸಿದವರು ತಿಳಿಸಬಾರದಿತ್ತು.

ಆ ಸಂಜೆ ಮನೆಗೆ ಬಂದು ಮಗುವಿಗೆ ಸ್ನಾನ ಮಾಡಿಸಿದೆ. ಹೆಣ್ಣುಮಗು ಅದು. ಕಾಲು ನೀಡಿ ಅದರ ಮೇಲೆ ಮಲಗಿಸಿಕೊಂಡು ನೀರು ಹೊಯ್ದೆ. ಶೈಲಾ ಬಾಗಿಲಲ್ಲಿ ನಿಂತು, "ಏನ್ ಅತ್ತಿಗೆ, ಬಂದಾಗ್ಲಿಂದ ಒಂದ್ ಮಾತೂ ಇಲ್ಲ. ಜ್ವರ ಏನಾದ್ರೂ ಬಂತಾ?" ಎಂದಳು. ಚಳಿ ತಾಗಿದೆ ಎಂದೆ. ನನಗೆ ದುಃಖಕ್ಕಿಂತ ಹೆಚ್ಚು ಸಿಟ್ಟು ಬಂದಿತ್ತು. ನಾವು ಮಾನ ಹೋಯಿತು ಅನ್ನುತ್ತೇವೆ, ಯಾರದ್ದು ಹೋಯಿತೆಂದು ಕೇಳುವುದಿಲ್ಲ. ಆ ಶಾಲೆಯಲ್ಲಿದ್ದವರು ಈಗ ಎಲ್ಲೋ ಹೆಂಡತಿ ಮಕ್ಕಳ ಜೊತೆ ಊಟಕ್ಕೆ ಕೂತಿರಬಹುದು. ನಾಚಿಕೆಯನ್ನು ಹೊತ್ತುಕೊಂಡು ಸಮುದ್ರ ದಾಟಿದವಳು ಇವಳು.

ಕೊನೆಯ ದಿನ, ರೈಲು ನಿಲ್ದಾಣ

ಪ್ರಕಾಶನ ಕಾರು ಗ್ಯಾರೇಜಿನಲ್ಲಿತ್ತು. ಅವನು ನನ್ನನ್ನು ರೈಲಿನಲ್ಲೇ ವಿಮಾನ ನಿಲ್ದಾಣಕ್ಕೆ ಮುಟ್ಟಿಸುವುದೆಂದಾಯಿತು. ಶೈಲಾ ಮಗುವನ್ನು ಗಾಡಿಯಲ್ಲಿ ಮಲಗಿಸಿಕೊಂಡು ಬೀಳ್ಕೊಡಲು ಬಂದಳು. ಪ್ಲಾಟ್‌ಫಾರಂನಲ್ಲಿ ನಾವು ನಿಂತ ಕಡೆಯೇ ಸೀರೆಯ ಮೇಲೆ ದಪ್ಪ ಕೋಟು ಹಾಕಿದ ಒಬ್ಬ ಹಿರಿಯ ಹೆಂಗಸು, ಅವರ ಹಿಂದೆ ಮಲರ್. ಸ್ಟಾಕ್‌ಹೋಮ್ ಕಡೆಯಿಂದ ಬರುವ ನೆಂಟರನ್ನು ಕರೆದೊಯ್ಯಲು ಬಂದವರು. ಆ ರೈಲು ತಡವಾಗಿತ್ತು. ಮಲರ್ ನನ್ನನ್ನು ನೋಡಿದಳು, ನೋಡದವಳ ಹಾಗೆ ಹಳಿಗಳ ಕಡೆ ತಿರುಗಿದಳು. ನಾನೂ ತಿರುಗಿಕೊಂಡೆ.

ಆದರೆ ಆ ದೇಶದಲ್ಲಿ ನಮ್ಮ ಕಡೆಯ ಮುಖ ಕಂಡರೆ ನಮ್ಮವರು ಸುಮ್ಮನಿರುತ್ತಾರೆಯೇ? ಆ ಹೆಂಗಸು ಹತ್ತಿರ ಬಂದು ಮಗುವನ್ನು ಮುದ್ದು ಮಾಡಿ ಶೈಲಾ ಜೊತೆ ಸ್ವೀಡಿಷಿನಲ್ಲಿ ಮಾತಿಗಿಳಿದರು. ಶೈಲಾ ನನ್ನ ಕಡೆ ಕೈ ತೋರಿಸಿ ಏನೋ ಹೇಳಿದಳು. ತಮಿಳು ಎಂಬ ಪದ ಕೇಳಿಸಿತು. ಅದರ ಹಿಂದೆಯೇ ವೋರ್ಡ್‌ಸೆಂಟ್ರಾಲ್ ಎಂದು ಶುರುಮಾಡಿದಳು. ಆರೋಗ್ಯ ಕೇಂದ್ರಕ್ಕೆ ಅಲ್ಲಿ ಅನ್ನುವುದು ಹಾಗೆ. ಸ್ವೀಡಿಷಿನಲ್ಲಿ ನನಗೆ ಗೊತ್ತಿದ್ದ ನಾಲ್ಕು ಪದಗಳಲ್ಲಿ ಅದೊಂದು. ಮಲರಳ ಬೆನ್ನು ಸೆಟೆದುಕೊಂಡದ್ದು ನನಗೆ ಕಂಡಿತು.

"ಶೈಲಾ, ಮಗೀನ ಟೋಪಿ ನೋಡು, ಜಾರಿ ಮೂಗಿಗೆ ಬಂದಿದೆ!" ಎಂದು ನಾನು ಕೂಗಿದೆ. ಅವಳು ಗಾಬರಿಯಾಗಿ ಬಗ್ಗಿದಳು. ನಾನು ಆ ಹೆಂಗಸಿನ ಎರಡೂ ಕೈ ಹಿಡಿದುಕೊಂಡು, ಈ ಚಳಿಯಲ್ಲಿ ಇಡ್ಲಿ ಹಿಟ್ಟು ಹೇಗೆ ಹುದುಗಿಸುತ್ತೀರಿ, ಕರಿಬೇವು ಎಲ್ಲಿ ಸಿಗುತ್ತದೆ, ನಿಮ್ಮದು ಯಾವ ಊರು ಎಂದು ಉಸಿರು ಬಿಡದೆ ತಮಿಳಿನಲ್ಲಿ ಸುರಿದೆ. ಅವರಿಗೆ ಸಂತೋಷವೋ ಸಂತೋಷ.

"ಎಷ್ಟು ಚೆನ್ನಾಗಿ ಮಾತಾಡುತ್ತೀರಿ! ಮೊದಲೇ ಸಿಕ್ಕಿದ್ದರೆ ಮನೆಗೆ ಊಟಕ್ಕೆ ಕರೆಯುತ್ತಿದ್ದೆ. ಇವಳು ಮಲರ್, ನಮ್ಮ ಜೊತೆ ಇರುವವಳು. ನಮಸ್ಕಾರ ಹೇಳಮ್ಮಾ."

ಮಲರ್ ಕೈ ಜೋಡಿಸಿದಳು. ನಾನೂ ಹೊಸಬರಿಗೆ ಜೋಡಿಸುವಂತೆ ಕೈ ಜೋಡಿಸಿದೆ.

"ಮಾತೇ ಆಡುವುದಿಲ್ಲ ಪಾಪ" ಎಂದು ಆ ಹೆಂಗಸು ಅವಳ ಕತ್ತಿನ ಸ್ಕಾರ್ಫನ್ನು ಸರಿಮಾಡಿದರು. ಒಳ್ಳೆಯ ಮನಸ್ಸಿನ ಕೈ ಅದು. "ಮುಂದಿನ ತಿಂಗಳು ವಿಚಾರಣೆ ಇದೆ. ಏನು ಹೇಳಿಯಾಳು? ಅಲ್ಲಿ ಎಷ್ಟೋ ಹುಡುಗಿಯರಿಗೆ ಏನೇನೋ ಆಯಿತು. ನಮ್ಮ ಹುಡುಗಿಗೆ ಮಾತ್ರ, ಮುರುಗನ ದಯೆ, ಏನೂ ಆಗಲಿಲ್ಲ."

ಅವರು ನನ್ನ ಮುಖ ನೋಡುತ್ತಾ ಉತ್ತರಕ್ಕೆ ಕಾದರು. ಮಲರೂ ನೋಡುತ್ತಿದ್ದಳು.

"ಹೌದು, ದೇವರ ದಯೆ" ಎಂದೆ.

ನಮ್ಮ ರೈಲು ಬಂತು. ಪ್ರಕಾಶ ಪೆಟ್ಟಿಗೆಯ ಒಂದು ಬದಿ ಹಿಡಿದ. ಇನ್ನೊಂದು ಬದಿಯನ್ನು ನಾನು ಹಿಡಿಯುವ ಮೊದಲೇ ಮಲರ್ ಹಿಡಿದು ಮೇಲಕ್ಕೆ ಎತ್ತಿಕೊಟ್ಟಳು. ನಮ್ಮಲ್ಲಾಗಲಿ ತಮಿಳರಲ್ಲಾಗಲಿ ಹೊರಟವರಿಗೆ ಬರೀ ಹೋಗಿ ಅನ್ನುವುದಿಲ್ಲ, ಹೋಗಿ ಬನ್ನಿ ಅನ್ನುತ್ತೇವೆ. ಮಲರ್ ನನ್ನ ಕಣ್ಣುಗಳನ್ನು ನೇರವಾಗಿ ನೋಡಿ, "ಹೋಗಿ" ಎಂದಳು.

"ಹಾಗನ್ನಬಾರದಮ್ಮಾ" ಎಂದು ಆ ಹೆಂಗಸು ಅವಳ ಭುಜ ತಟ್ಟಿದರು. "ಹೋಗಿ ಬನ್ನಿ ಅನ್ನು."

ಮಲರ್ ಅನ್ನಲಿಲ್ಲ. ನಾನು ರೈಲು ಹತ್ತಿದೆ.